ಒಳದನಿ: ಮನಸ್ಸಿನ ಉಳಿತಾಯ ಖಾತೆ

ನಾಗಪುರ ನಗರದ ಅಂಚಿನಲ್ಲಿರುವ ಹಿಂಗಣಾ ಕೈಗಾರಿಕಾ ಪ್ರದೇಶದ ಯಾವುದೇ ಬ್ಯಾಂಕಿನಲ್ಲಿ, ಸಾಲದ ಮೇಜಿನ ಮುಂದೆ, ಆಗಾಗ ಕಂಡುಬರುವ ಒಂದು ದೃಶ್ಯವುಂಟು. ಸಾಲ ಬೇಡಲು ಬಂದ ತರುಣ ಉತ್ಸಾಹದಿಂದ ಮಾತನಾಡುತ್ತಿರುತ್ತಾನೆ. ಜಾಮೀನು ನಿಲ್ಲಲು ಬಂದ ಹಿರಿಯ ಸಹೋದ್ಯೋಗಿ ಅವನ ಪಕ್ಕದಲ್ಲಿ ಮೌನವಾಗಿ ಕುಳಿತಿರುತ್ತಾನೆ. ಕಾಗದಗಳು ಮುಂದೆ ಬಂದಾಗ ಹಿರಿಯನ ಕೈ ಒಂದು ಕ್ಷಣ ತಡೆಯುತ್ತದೆ. ಲೇಖನಿಯ ಮುಚ್ಚಳ ತೆಗೆದು ಮತ್ತೆ ಹಾಕುತ್ತಾನೆ. “ಎಲ್ಲಾ ಸರಿಯಿದೆ ತಾನೆ, ತಮ್ಮಾ?” ಎಂದು ಕೇಳುತ್ತಾನೆ. “ನೀವೇನೂ ಯೋಚನೆ ಮಾಡಬೇಡಿ ಅಣ್ಣಾ, ಒಂದು ಕಂತೂ ತಪ್ಪುವುದಿಲ್ಲ” ಎಂಬ ಉತ್ತರ ಬರುತ್ತದೆ. ಸಹಿ ಬೀಳುತ್ತದೆ. ಎರಡು ಮೂರು ವರ್ಷಗಳ ಅನಂತರ ಬ್ಯಾಂಕಿನ ನೋಟೀಸು ಮನೆಯ ಬಾಗಿಲಿಗೆ ಬಂದಾಗ ಅದೇ ಹಿರಿಯನು ಹೆಂಡತಿಯ ಮುಂದೆ ಹೇಳುವ ಮಾತು ಒಂದೇ: “ಅಂದೇ ನನ್ನ ಮನಸ್ಸು ಬೇಡವೆಂದಿತ್ತು.”

ಕಾಯಿದೆಗೆ ಈ ಮಾತು ಕೇಳಿಸದು. 1872ರ ಭಾರತೀಯ ಕರಾರು ಅಧಿನಿಯಮದ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಮೂಲ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮಗಳ ಮದುವೆಗೆಂದು ಕೂಡಿಟ್ಟ ಹಣ ಪರರ ಸಾಲಕ್ಕೆ ಜಮೆಯಾಗಬಹುದು. ಹೀಗಿರಲು, ಅಂದು ಕೈ ತಡೆದದ್ದೇಕೆ, ಆ ತಡೆಯನ್ನು ಮೀರಿ ಸಹಿ ಬಿದ್ದದ್ದೇಕೆ ಎಂಬ ಪ್ರಶ್ನೆಗಳು ವಿಚಾರಯೋಗ್ಯವಾಗಿವೆ.

ಅಂತರ್ವಾಣಿ, ಅಂತಃಪ್ರಜ್ಞೆ, ಒಳದನಿ ಎಂದು ನಾನಾ ಹೆಸರಿನಿಂದ ಕರೆಯಲ್ಪಡುವ ಈ ಶಕ್ತಿಯನ್ನು ಕೆಲವರು ದೈವವಾಣಿಯೆಂದು ಪೂಜಿಸುತ್ತಾರೆ. ಕೆಲವರು ಮೂಢನಂಬಿಕೆಯೆಂದು ತಳ್ಳಿಹಾಕುತ್ತಾರೆ. ಎರಡೂ ಅತಿರೇಕಗಳೇ. ಒಳದನಿಯು ಮನಸ್ಸಿನ ಉಳಿತಾಯ ಖಾತೆಯಿದ್ದಂತೆ. ವರ್ಷಗಟ್ಟಲೆ ಜಮೆ ಮಾಡಿದ ಅನುಭವವಿದ್ದರೆ ಆಪತ್ಕಾಲದಲ್ಲಿ ಅಲ್ಲಿಂದ ತೆಗೆಯಬಹುದು. ಏನನ್ನೂ ಜಮೆ ಮಾಡದವನು ಚೆಕ್ಕು ಬರೆದರೆ ಅದು ತಿರಸ್ಕೃತವಾಗಿ ಹಿಂದಿರುಗುವುದರಲ್ಲಿ ಸಂಶಯವಿಲ್ಲ.

ಬೆರಳು ಮತ್ತು ಬೆಳಕು

ನಗದು ಕೌಂಟರಿನಲ್ಲಿ ಕುಳಿತ ಅನುಭವಿ ಗುಮಾಸ್ತನನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾದೀತು. ನೋಟಿನ ಕಟ್ಟನ್ನು ಎಣಿಸುತ್ತಿರುವಾಗ ಅವನ ಬೆರಳು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಯಾವ ನೋಟು ಖೋಟಾ ಎಂಬುದನ್ನು ಕಣ್ಣು ಕಾಣುವ ಮೊದಲೇ ಬೆರಳು ಸಂಶಯಿಸಿರುತ್ತದೆ. ಕಾರಣ ಕೇಳಿದರೆ “ಏನೋ ಬೇರೆ ಅನ್ನಿಸಿತು” ಎಂದಷ್ಟೇ ಹೇಳಿಯಾನು. ಲಕ್ಷಾಂತರ ನೋಟುಗಳನ್ನು ಮುಟ್ಟಿದ ಸ್ಮರಣೆ ಆ ಬೆರಳ ತುದಿಯಲ್ಲಿದೆ. ಆದರೆ ಅವನು ಬೆರಳಿನ ಮಾತಿಗೇ ತೀರ್ಪು ಬರೆಯುವುದಿಲ್ಲ. ನೋಟನ್ನು ಬೆಳಕಿಗೆ ಹಿಡಿದು ನೀರಚ್ಚನ್ನೂ ಭದ್ರತಾ ದಾರವನ್ನೂ ಪರೀಕ್ಷಿಸುತ್ತಾನೆ. ಬೆರಳು ಎಚ್ಚರಿಸುತ್ತದೆ, ಬೆಳಕು ನಿರ್ಣಯಿಸುತ್ತದೆ. ಹಿಂಗಣಾದ ಕಾರ್ಖಾನೆಗಳಲ್ಲಿ ಇಪ್ಪತ್ತು ವರ್ಷ ಲೇಥಿನ ಮುಂದೆ ನಿಂತ ಕೆಲಸಗಾರನು ಯಂತ್ರದ ಸದ್ದು ತುಸು ಬದಲಾದೊಡನೆ ಸ್ವಿಚ್ಚಿಗೆ ಕೈಹಾಕುವುದೂ, ಗೃಹಿಣಿಯು ಅಡಿಗೆಮನೆಗೆ ಬೆನ್ನು ಮಾಡಿದ್ದರೂ ಪರಿಮಳದಿಂದಲೇ ಸಾರು ಕುದಿದ ಹದವನ್ನು ತಿಳಿಯುವುದೂ ಇದೇ ಬಗೆಯ ಜ್ಞಾನ.

1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಹರ್ಬರ್ಟ್ ಸೈಮನ್ ಅವರು ಅಂತಃಪ್ರಜ್ಞೆಯೆಂದರೆ ಹಿಂದೆ ಕಂಡದ್ದನ್ನು ಗುರುತು ಹಿಡಿಯುವ ಶಕ್ತಿಯೆಂದು ವಿವರಿಸಿದರು. 2009ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಜೊತೆಗೂಡಿ ಒಂದು ಪ್ರಬಂಧ ಬರೆದರು. ಮೊದಲನೆಯವರು ಅಂತಃಪ್ರಜ್ಞೆಯ ತಪ್ಪುಗಳನ್ನು ಎತ್ತಿ ತೋರಿಸಿದವರು. ಎರಡನೆಯವರು ಅಗ್ನಿಶಾಮಕ ದಳದ ನಾಯಕರಲ್ಲಿ ಅದರ ಸಾಮರ್ಥ್ಯವನ್ನು ಕಂಡು ಮೆಚ್ಚಿದವರು. ಎದುರಾಳಿಗಳೆಂದೇ ಎಣಿಸಲ್ಪಟ್ಟಿದ್ದ ಇವರು ಕೊನೆಗೆ ಒಪ್ಪಿದ ನಿಯಮಗಳು ಎರಡು. ಕೆಲಸದ ಕ್ಷೇತ್ರದಲ್ಲಿ ಒಂದು ಕ್ರಮವಿರಬೇಕು. ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇಗನೆ ತಿಳಿಯುವಂತಹ ದೀರ್ಘ ಅಭ್ಯಾಸವಿರಬೇಕು. ಈ ಎರಡೂ ಇಲ್ಲದೆಡೆ ಮನಸ್ಸಿಗೆ ಎಷ್ಟೇ ಖಾತ್ರಿಯೆನಿಸಿದರೂ ಆ ಖಾತ್ರಿಗೆ ಬೆಲೆಯಿಲ್ಲ. ಲೇಥಿನ ಸದ್ದಿಗೆ ಕ್ರಮವುಂಟು. ನಾಳೆಯ ಷೇರು ಬೆಲೆಗೆ ಅಂತಹ ಕ್ರಮವಿಲ್ಲ. 1992ರ ಷೇರು ಹಗರಣದ ಮುನ್ನಾದಿನಗಳಲ್ಲಿ ಅನೇಕರ “ಒಳಮನಸ್ಸು” ಕೊಳ್ಳಿರೆಂದೇ ನುಡಿದಿತ್ತು.

ಸೇವಾಗ್ರಾಮದ ಪಾಠ

ಒಳದನಿಯ ಮಾತು ಬಂದಾಗ ಹಿಂಗಣಾದ ನಿವಾಸಿಗಳಿಗೆ ವರ್ಧಾದ ಬಳಿಯ ಸೇವಾಗ್ರಾಮ ನೆನಪಾಗುವುದು ಸಹಜ. 1936ರಲ್ಲಿ ಅಲ್ಲಿಗೆ ಬಂದು ನೆಲೆಸಿದ ಗಾಂಧೀಜಿಯವರಷ್ಟು ಅಂತರ್ವಾಣಿಯನ್ನು ಸಾರ್ವಜನಿಕ ಜೀವನದಲ್ಲಿ ಪ್ರಸ್ತಾಪಿಸಿದವರು ವಿರಳ. ಅದಕ್ಕೂ ಮೊದಲು, 1930ರ ಆರಂಭದಲ್ಲಿ, ಸತ್ಯಾಗ್ರಹವನ್ನು ಯಾವ ರೂಪದಲ್ಲಿ ಹೂಡಬೇಕೆಂಬುದು ತೋಚದೆ ಅವರು ಸಬರಮತಿಯಲ್ಲಿ ವಾರಗಟ್ಟಲೆ ಕಾದರು. ಕೊನೆಗೆ ಹೊಳೆದದ್ದು ಉಪ್ಪು. ನಿಕಟವರ್ತಿಗಳೂ ಮೊದಲಿಗೆ ಬೆರಗಾದರು.

ಆದರೆ ಆ ಹೊಳಹು ಬರಿಯ ಆಕಾಶದಿಂದ ಉದುರಲಿಲ್ಲ. ಉಪ್ಪಿನ ಕರದ ಅನ್ಯಾಯವನ್ನು ಅವರು 1909ರ ‘ಹಿಂದ್ ಸ್ವರಾಜ್’ನಲ್ಲಿಯೇ ಪ್ರಸ್ತಾಪಿಸಿದ್ದರು. ಇಪ್ಪತ್ತು ವರ್ಷಗಳ ಜಮೆ ಆ ಖಾತೆಯಲ್ಲಿತ್ತು. ಹೊಳೆದ ಮೇಲೂ ಅವರು ಕಣ್ಣುಮುಚ್ಚಿ ಹೊರಡಲಿಲ್ಲ. ಮಾರ್ಚ್ 2ರಂದು ವೈಸರಾಯರಿಗೆ ಪತ್ರ ಬರೆದು ಮುನ್ಸೂಚನೆ ಕೊಟ್ಟರು. ದಾರಿಯನ್ನೂ ತಂಗುವ ಹಳ್ಳಿಗಳನ್ನೂ ಗೊತ್ತುಮಾಡಿಸಿದರು. ಶಿಸ್ತಿಗೆ ಒಗ್ಗಿದ 78 ಜನರನ್ನು ಆರಿಸಿಕೊಂಡರು. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು ಆ ತಂಡದಲ್ಲಿದ್ದ ಕನ್ನಡಿಗರು. ಮಾರ್ಚ್ 12ರಂದು ಹೊರಟು ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪನ್ನೆತ್ತಿದಾಗ, ಒಳದನಿಯ ಬೆನ್ನಿಗೆ ಲೆಕ್ಕಾಚಾರವೂ ನಿಂತಿತ್ತು. ಅಂತರ್ವಾಣಿಯನ್ನು ಕೇಳಲು ಪೂರ್ವಸಿದ್ಧತೆ ಬೇಕೆಂದು ಗಾಂಧೀಜಿಯವರೇ ಎಚ್ಚರಿಸಿದ್ದರು. ಈ ಎರಡನೆಯ ಮಾತನ್ನು ಮರೆತು ಮೊದಲನೆಯದನ್ನಷ್ಟೇ ಹಿಡಿದುಕೊಳ್ಳುವುದು ಅನೇಕರ ಅಭ್ಯಾಸವಾಗಿದೆ.

ಉಡುಪಿಯ ಎರಡಾಣೆ

ವ್ಯವಹಾರರಂಗದಲ್ಲಿ ಕನ್ನಡನಾಡಿನದೇ ಒಂದು ನಿದರ್ಶನವಿದೆ. 1925ರಲ್ಲಿ ಉಡುಪಿಯಲ್ಲಿ ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಹಾಗೂ ವೈದ್ಯ ಡಾ. ಟಿ. ಎಂ. ಎ. ಪೈ ಅವರು 8,000 ರೂಪಾಯಿ ಬಂಡವಾಳದಿಂದ, ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರ ನೆರವಿಗಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಸ್ಥಾಪಿಸಿದರು. 1928ರಲ್ಲಿ ಅದು ಪಿಗ್ಮಿ ಠೇವಣಿ ಯೋಜನೆಯನ್ನು ಆರಂಭಿಸಿತು. ಪ್ರತಿನಿಧಿಯು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುವ ಪದ್ಧತಿಯದು.

ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು. ಮೂವತ್ತು ದಿನಕ್ಕೆ ಒಬ್ಬ ಠೇವಣಿದಾರನಿಂದ ಬರುವುದು ಮೂರು ರೂಪಾಯಿ ಹನ್ನೆರಡಾಣೆ. ಇಷ್ಟಕ್ಕೆ ಮೂವತ್ತು ಸಲ ಬಾಗಿಲಿಗೆ ಹೋಗುವುದೇ ಎಂದು ಯಾವ ಲೆಕ್ಕಿಗನಿಗಾದರೂ ಅನಿಸೀತು. ಆದರೆ ದಿನಗೂಲಿಯವರ ಬದುಕನ್ನು ಹತ್ತಿರದಿಂದ ಬಲ್ಲವರಿಗೆ ತಿಳಿದಿರುವ ಸತ್ಯವೊಂದುಂಟು: ದಿನದಿನ ಗಳಿಸುವವನು ದಿನದಿನವೇ ಉಳಿಸಬಲ್ಲನು; ತಿಂಗಳ ಕೊನೆಗೆ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಈ ಯೋಜನೆ ದಶಕಗಳ ಕಾಲ ನಡೆಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನಗೊಂಡ ಆ ಸಂಸ್ಥೆಯ ಹೆಸರು ಇಂದಿಲ್ಲವಾದರೂ, ಪಿಗ್ಮಿ ಎಂಬ ಪದ ಕನ್ನಡಿಗರ ಮಾತಿನಲ್ಲಿ ಬೆರೆತುಹೋಗಿದೆ. ಹೊರಗಿನವರಿಗೆ ಹೊಳಹು ಎನಿಸುವಂಥದ್ದು, ಜನರ ನಡುವೆ ಬಾಳಿದವರ ಪಾಲಿಗೆ ಕಂಡುಂಡ ಸಂಗತಿಯಾಗಿರುತ್ತದೆ.

ಒಳದನಿಯ ವೇಷ ತೊಟ್ಟವರು

ಮನಸ್ಸಿನಲ್ಲಿ ಏಳುವ ಎಲ್ಲ ದನಿಗಳೂ ಅಂತಃಪ್ರಜ್ಞೆಯಲ್ಲ. ಆಸೆ, ಅಂಜಿಕೆ, ದಾಕ್ಷಿಣ್ಯ ಎಂಬ ಮೂರೂ ಅದೇ ವೇಷದಲ್ಲಿ ಬರುತ್ತವೆ. ಸ್ವಯಂ ನಿವೃತ್ತಿ ಪಡೆದು ಊರಿಗೆ ಮರಳಬೇಕೆಂಬ ಹಂಬಲವು ಆಸೆಯಾಗಿರಬಹುದು. ಬಡ್ತಿಯೊಡನೆ ವರ್ಗವಾದಾಗ ಬೇಡವೆನಿಸುವುದು ಅಂಜಿಕೆಯಾಗಿರಬಹುದು. ಇವುಗಳಲ್ಲಿ ಕಡು ಮೋಸಗಾರನೆಂದರೆ ದಾಕ್ಷಿಣ್ಯ. ಜಾಮೀನುದಾರನ ಕೈ ತಡೆದದ್ದು ಅನುಭವ. ಸಹಿ ಹಾಕಿಸಿದ್ದು ದಾಕ್ಷಿಣ್ಯ. “ಇಲ್ಲವೆಂದರೆ ಸಂಘದ ಸಮಾರಂಭದಲ್ಲಿ ಮುಖ ತೋರಿಸುವುದು ಹೇಗೆ” ಎಂಬ ಸಂಕೋಚವೇ ಅಲ್ಲಿ ಗೆದ್ದದ್ದು.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. “ಅಂದೇ ಮನಸ್ಸು ಹೇಳಿತ್ತು” ಎನ್ನುವವರು ಮನಸ್ಸು ಹೇಳಿ ಸುಳ್ಳಾದ ಸಂದರ್ಭಗಳನ್ನು ಮರೆತಿರುತ್ತಾರೆ. ಅದೇ ಅಳುಕಿನಿಂದ ಹಾಕಿದ ಬೇರೆ ಜಾಮೀನಿನ ಸಾಲ ಸರಿಯಾಗಿ ತೀರಿದ್ದರೆ ಆ ಅಳುಕು ನೆನಪಿನಲ್ಲೇ ಉಳಿಯುವುದಿಲ್ಲ. ಖರ್ಚಿನ ಬದಿಯನ್ನು ಬರೆಯದ ಲೆಕ್ಕದ ಪುಸ್ತಕ ಯಾವಾಗಲೂ ಲಾಭವನ್ನೇ ತೋರಿಸುತ್ತದೆ.

ದೇಹದ ವಿಷಯದಲ್ಲಿ

ಆರೋಗ್ಯದ ಸಂಬಂಧದಲ್ಲಂತೂ ಈ ವಿವೇಚನೆ ಪ್ರಾಣಕ್ಕೆ ಸಂಬಂಧಿಸಿದ್ದು. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾದ ಬೆಲ್ಜಿಯಂ ದೇಶದ ಒಂದು ಅಧ್ಯಯನದಲ್ಲಿ 3,890 ಮಕ್ಕಳನ್ನು ಪರಿಶೀಲಿಸಲಾಯಿತು. ಪರೀಕ್ಷೆಯಲ್ಲಿ ಕಾಯಿಲೆ ಸೌಮ್ಯವೆಂದು ಕಂಡಿದ್ದರೂ ಮುಂದೆ ತೀವ್ರ ಸೋಂಕು ಕಾಣಿಸಿಕೊಂಡು ಆಸ್ಪತ್ರೆ ಸೇರಿದ ಮಕ್ಕಳು ಆರು. “ಏನೋ ಸರಿಯಿಲ್ಲ” ಎಂಬ ವೈದ್ಯರ ಅನಿಸಿಕೆಯನ್ನು ಅನುಸರಿಸಿದ್ದರೆ ಆರರಲ್ಲಿ ಎರಡನ್ನು ಮೊದಲೇ ಗುರುತಿಸಬಹುದಿತ್ತು. ಅದರೊಡನೆ 44 ಸಲ ಸುಳ್ಳು ಎಚ್ಚರಿಕೆಯೂ ಆಗುತ್ತಿತ್ತು. ವೈದ್ಯರಲ್ಲಿ ಆ ಅನಿಸಿಕೆಯನ್ನು ಮೂಡಿಸಿದ ಕಾರಣಗಳಲ್ಲಿ ಮುಖ್ಯವಾದುದು, “ಈ ಸಲದ ಕಾಯಿಲೆ ಎಂದಿನಂತಿಲ್ಲ” ಎಂಬ ತಂದೆತಾಯಿಯರ ಕಳವಳ. ಆದುದರಿಂದ ತಾಯಿಯ ಕಳವಳವನ್ನು ಹಗುರವಾಗಿ ಕಾಣಲಾಗದು. ಆದರೆ ಅದರ ಉಪಯೋಗ ವೈದ್ಯರ ಬಳಿಗೆ ಒಯ್ಯುವುದಕ್ಕೆ, ಮನೆಯಲ್ಲೇ ತೀರ್ಪು ಕೊಡುವುದಕ್ಕಲ್ಲ.

ಇದಕ್ಕೆ ವಿರುದ್ಧವಾದುದೂ ಉಂಟು. ರಾತ್ರಿಪಾಳಿ ಮುಗಿಸಿ ಬಂದ ಐವತ್ತರ ಕಾರ್ಮಿಕನ ಎದೆ ಹಿಂಡಿ ಬೆವರು ಒಡೆದಾಗ “ವಾಯು ಇರಬೇಕು, ಮನಸ್ಸಿಗೆ ಏನೂ ಇಲ್ಲವೆನಿಸುತ್ತದೆ” ಎಂದು ಮಲಗಿಬಿಡುವುದು. ಅದು ಒಳದನಿಯಲ್ಲ, ಭಯವು ಹೇಳಿಸುವ ಸಮಾಧಾನ. ಹೃದಯಾಘಾತದ ಪೂರ್ವಾನುಭವ ಯಾವನ ಖಾತೆಯಲ್ಲಿಯೂ ಸಾಕಷ್ಟು ಜಮೆಯಾಗಿರುವುದಿಲ್ಲ. ಅಲ್ಲಿ ತಡಮಾಡದೆ ಆಸ್ಪತ್ರೆಗೆ ಧಾವಿಸುವುದೊಂದೇ ವಿವೇಕ.

ಖಾತೆಯನ್ನು ತಾಳೆ ನೋಡುವ ಬಗೆ

ಹಾಗಾದರೆ ಸಾಮಾನ್ಯ ಗೃಹಸ್ಥನು ಮಾಡಬೇಕಾದುದೇನು? ಮಹತ್ವದ ನಿರ್ಧಾರದ ಮುನ್ನ ಮನಸ್ಸಿಗೆ ತೋರಿದ್ದನ್ನು ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಫಲ ತಿಳಿದ ಮೇಲೆ ತೆರೆದು ತಾಳೆ ನೋಡಲಿ. ಕೆಲವೇ ವರ್ಷಗಳಲ್ಲಿ, ಯಾವ ವಿಷಯದಲ್ಲಿ ತನ್ನ ಒಳದನಿ ನಂಬಲರ್ಹ, ಯಾವುದರಲ್ಲಿ ಅಲ್ಲ ಎಂಬುದು ಅವನಿಗೇ ವಿದಿತವಾಗುತ್ತದೆ. ಹಣಕಾಸಿನ ಕಾಗದಕ್ಕೆ ಅಂದೇ ಸಹಿ ಹಾಕದೆ ಒಂದು ರಾತ್ರಿ ನಿದ್ರಿಸಿ ಏಳಲಿ. ಮನಸ್ಸು ತಡೆದಾಗ “ಏತಕ್ಕೆ?” ಎಂದು ತನ್ನನ್ನೇ ಕೇಳಿಕೊಳ್ಳಲಿ, ಮನೆಯಾಕೆಯನ್ನೂ ಕೇಳಲಿ.

ಪರಸ್ಥಳದಲ್ಲಿ ನೆಲೆಸಿದವರು ಜಾಮೀನನ್ನೇ ನಿರಾಕರಿಸಬೇಕೆಂದು ಇದರ ತಾತ್ಪರ್ಯವಲ್ಲ. ಹತ್ತಿರದ ನೆಂಟರಿಲ್ಲದ ಊರಿನಲ್ಲಿ ಒಬ್ಬರಿಗೊಬ್ಬರು ಆಗಿಬಂದದ್ದರಿಂದಲೇ ಎಷ್ಟೋ ಕುಟುಂಬಗಳು ಬೇರೂರಿವೆ. ಅಂದು ಆ ಹಿರಿಯನು ಲೇಖನಿಯನ್ನು ಜೇಬಿಗಿಟ್ಟು, “ನಾಳೆ ಹೇಳುತ್ತೇನೆ ತಮ್ಮಾ, ನಿನ್ನ ಹಳೆಯ ಸಾಲಗಳ ಲೆಕ್ಕ ಒಮ್ಮೆ ತೋರಿಸು” ಎಂದಿದ್ದರೆ ಸಾಕಿತ್ತು. ಲೆಕ್ಕ ಸರಿಯಿದ್ದರೆ ನಿಶ್ಚಿಂತೆಯಿಂದ ಸಹಿ ಹಾಕಬಹುದಿತ್ತು. ಸರಿಯಿಲ್ಲದಿದ್ದರೆ, ಕಳೆದುಹೋದರೂ ಮನೆ ಮುಳುಗದಷ್ಟು ಸಣ್ಣ ಮೊತ್ತವನ್ನು ಕೈಯಿಂದಲೇ ಕೊಟ್ಟು ಸ್ನೇಹವನ್ನೂ ಉಳಿಸಿಕೊಳ್ಳಬಹುದಿತ್ತು. ಒಳದನಿ ಅಂದು ತನ್ನ ಕರ್ತವ್ಯವನ್ನು ಮಾಡಿತ್ತು. ನೋಟನ್ನು ಬೆಳಕಿಗೆ ಹಿಡಿಯುವ ಕೆಲಸವಷ್ಟೇ ಬಾಕಿಯುಳಿದಿತ್ತು.