ಕಾಲಿಗಿಳಿಯುವ ಸೊಂಟನೋವು

ಸೊಂಟದಲ್ಲಿ ಹುಟ್ಟಿ ತೊಡೆ, ಮೀನಖಂಡ ಹಾದು ಪಾದದವರೆಗೂ ಸೆಳೆಯುವ ನೋವಿಗೆ ಸಾಮಾನ್ಯ ಕಾರಣ, ಕಶೇರುಗಳ ನಡುವಿನ ಡಿಸ್ಕ್ ಉಬ್ಬಿ ನರದ ಬುಡವನ್ನು ಒತ್ತುವುದು. ಸಯಾಟಿಕಾ ಎಂದು ಕರೆಯುವ ಈ ನೋವು ಹೆಚ್ಚಿನವರಲ್ಲಿ 6ರಿಂದ 12 ವಾರಗಳಲ್ಲಿ ತಗ್ಗುತ್ತದೆ. ಯಾವ ನೋವೂ ಇಲ್ಲದವರ ಎಂಆರ್‌ಐನಲ್ಲೂ ಉಬ್ಬಿದ ಡಿಸ್ಕ್ ಕಾಣಿಸುವುದುಂಟು. ಆದ್ದರಿಂದ ಎಲ್ಲರನ್ನೂ ಮೊದಲ ದಿನವೇ ಸ್ಕ್ಯಾನಿಂಗಿಗೆ ಕಳಿಸಬೇಕಿಲ್ಲ. ಕೇಳಿ ತಿಳಿಯುವುದು, ಮುಟ್ಟಿ ನೋಡುವುದು ಮೊದಲಾಗಬೇಕು.

ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ಮೆಲ್ಲಗೆ ಎತ್ತಿದಾಗ 30ರಿಂದ 70 ಡಿಗ್ರಿಯೊಳಗೆ ಸೆಳೆತ ಮಂಡಿಯ ಕೆಳಕ್ಕೆ ಇಳಿದರೆ ನರ ಒತ್ತಡದಲ್ಲಿರುವ ಸಂಭವ ಹೆಚ್ಚು. ಹೆಬ್ಬೆರಳನ್ನು ಮೇಲೆತ್ತಲು, ಹಿಮ್ಮಡಿಯ ಮೇಲೆ ಮತ್ತು ತುದಿಗಾಲಿನಲ್ಲಿ ನಡೆಯಲು ಹೇಳಿದರೆ ಸ್ನಾಯುಗಳ ಬಲ ತಿಳಿಯುತ್ತದೆ. ನೋವಿನ ತೀವ್ರತೆಯೊಂದನ್ನೇ ನಂಬುವಂತಿಲ್ಲ. ನೋವು ತಗ್ಗುತ್ತಿದ್ದಂತೆ ಪಾದ ಜೋತುಬಿದ್ದರೆ ಅದು ಗುಣವಲ್ಲ, ನರ ಸೋಲುತ್ತಿರುವ ಲಕ್ಷಣ.

ಎಲ್ಲಕ್ಕಿಂತ ತುರ್ತಿನದು ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗುವ ಸ್ಥಿತಿ, ಕಾಡಾ ಇಕ್ವೈನಾ ಸಿಂಡ್ರೋಮ್. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಎರಡು ಕಶೇರುಗಳ ಮಟ್ಟದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗಿಳಿಯುವ ನರಗಳು ಕಾಲುಗಳಿಗೆ ಮಾತ್ರವಲ್ಲ, ಮೂತ್ರಕೋಶ, ಗುದ, ಜನನೇಂದ್ರಿಯಗಳಿಗೂ ಹೋಗುತ್ತವೆ. ಸೈಕಲ್ ಸೀಟಿಗೆ ತಾಗುವ ಭಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ತುಂಬಿದ್ದು ಗೊತ್ತಾಗದೆ ಸೋರುವುದು, ಮಲದ ಹಿಡಿತ ತಪ್ಪುವುದು, ಎರಡೂ ಕಾಲು ಸೋಲುವುದು ಇದರ ಕುರುಹುಗಳು. ಇವನ್ನು ಹೇಳಿಕೊಳ್ಳಲು ರೋಗಿಗೆ ನಾಚಿಕೆ. ಮೂತ್ರದ ತೊಂದರೆಗೂ ಸೊಂಟನೋವಿಗೂ ಸಂಬಂಧವಿದೆ ಎಂಬುದೇ ಬಹಳ ಮಂದಿಗೆ ಹೊಳೆಯುವುದಿಲ್ಲ. ವೈದ್ಯರೇ ನೇರವಾಗಿ ಕೇಳಬೇಕು. ಇಲ್ಲಿ ಎಂಆರ್‌ಐ ಅದೇ ದಿನ ಆಗಬೇಕು, ಒತ್ತಡ ಖಚಿತವಾದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದು. ತಡವಾದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು.

ಭಾರತದಲ್ಲಿ ಮರೆಯಲೇಬಾರದ ಇನ್ನೊಂದು ಕಾರಣ ಬೆನ್ನೆಲುಬಿನ ಕ್ಷಯ. ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ ಈ ರೋಗ ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಕೆಮ್ಮು ಇರಲೇಬೇಕೆಂದಿಲ್ಲ. ಮಲಗಿದರೂ ಬಿಡದ ನೋವು, ಸಂಜೆಯ ಜ್ವರ, ಇಳಿಯುವ ತೂಕ, ಬೆನ್ನಿನ ಒಂದೇ ಜಾಗ ಒತ್ತಿದರೆ ನೋವು, ಇಷ್ಟು ಕಂಡರೆ ಅನುಮಾನಿಸಬೇಕು. ಬೇಗ ಪತ್ತೆಯಾದರೆ ಹೆಚ್ಚಿನವರು ಔಷಧಿಯಿಂದಲೇ ಗುಣವಾಗುತ್ತಾರೆ. ಹಸಿ ಹಾಲು ಕುಡಿಯುವವರಲ್ಲಿ, ಕುರಿ ಮೇಕೆ ಸಾಕುವವರಲ್ಲಿ ಬ್ರುಸೆಲ್ಲಾ ಸೋಂಕೂ ಹೀಗೇ ಬೆನ್ನಿಗಿಳಿಯಬಹುದು. ಸ್ತನ, ಪ್ರಾಸ್ಟೇಟ್, ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಹೊಸ ಬೆನ್ನುನೋವನ್ನು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದವರ ದಿಢೀರ್ ನೋವನ್ನು ಬರೀ ಉಳುಕೆಂದು ಬಿಡಬಾರದು.

ಕಾಲು ಸೆಳೆಯುವ ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ, ತೊಡೆಸಂದಿ ಜೋಮು ಹಿಡಿದರೆ ಬೆಳಗಾಗಲೆಂದು ಕಾಯದೆ, ಎಣ್ಣೆ ತಿಕ್ಕಿಸುತ್ತ ಕೂರದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು.