ರಕ್ತ ನಮ್ಮದು, ವರದಿ ಯಾರ ಭಾಷೆಯಲ್ಲಿ?



ಸಿದ್ಧಾರ್ಥನಗರದಲ್ಲಿ ನನ್ನದೊಂದು ಪುಟ್ಟ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕಿ ಬದುಕುವವನು. ಓದಿದ್ದು ಪಿಯುಸಿ. ಒಂದು ಸಂಜೆ ಪರಿಚಯದ ಹುಡುಗನೊಬ್ಬ ಬಂದು, 'ಅಣ್ಣಾ, ಇದ್ರಲ್ಲಿ ಏನ್ ಬರ್ದಿದ್ದಾರೆ ನೋಡಿ' ಎಂದು ಕಾಗದ ಚಾಚಿದ. ಕೈ ನಡುಗುತ್ತಿತ್ತು. ಗಲ್ಫಿಗೆ ಹೊರಟವನು, ಸಾಲ ಮಾಡಿ ಏಜೆಂಟನಿಗೆ ಹಣ ಕೊಟ್ಟಾಗಿತ್ತು. ವೈದ್ಯಕೀಯ ವರದಿಯಲ್ಲಿ 'ಅನ್‌ಫಿಟ್' ಎಂದಿತ್ತು. ತನಗೆ ಏಡ್ಸ್ ಬಂದಿದೆ ಎಂದುಕೊಂಡು ಎರಡು ದಿನ ಊಟ ಬಿಟ್ಟಿದ್ದ! ವೈದ್ಯರ ಬಳಿ ಕರೆದೊಯ್ದೆ. ಎಕ್ಸ್‌ರೇಯಲ್ಲಿ ಕಂಡದ್ದು ಎಂದೋ ಬಂದು ವಾಸಿಯಾದ ಕ್ಷಯದ ಕಲೆ. ಅಷ್ಟೇ!

ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್, ಬಹರೇನ್‌ಗೆ ದುಡಿಯಲು ಹೋಗುವವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕ್ಷಯದ ತಪಾಸಣೆ ಇದ್ದೇ ಇದೆ. ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗುವ ಕಡೆ ಗಾಳಿಯಲ್ಲಿ ಹರಡುವ ಕ್ಷಯ ಹುಡುಗಾಟವಲ್ಲ. ಅಲ್ಲಿಗೆ ಹೋದಮೇಲೆ ಮತ್ತೆ ಪರೀಕ್ಷೆ. ಸೋತರೆ ವಾಪಸ್ಸು ಕಳಿಸುತ್ತಾರೆ. ಆದ್ದರಿಂದ ಇಲ್ಲೇ, ಸರಿಯಾಗಿ ಆಗಲಿ.

ಆದರೆ 'ಸರಿಯಾಗಿ' ಎಂದರೇನು? ರಕ್ತ ಎಳೆದು, ಅರ್ಥವಾಗದ ಕಾಗದಕ್ಕೆ ಸಹಿ ಹಾಕಿಸಿ, 'ಅನ್‌ಫಿಟ್' ಎಂದು ಅಟ್ಟಿಬಿಡುವುದೇ?

ಗೆಳೆಯರೇ, ಕಾನೂನು ನಮ್ಮ ಕಡೆ ಇದೆ! 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಎಚ್‌ಐವಿ ಪರೀಕ್ಷೆಗೆ ತಿಳಿವಳಿಕೆಯ ಒಪ್ಪಿಗೆ ಬೇಕು. ಆ ತಿಳಿವಳಿಕೆಯನ್ನು ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಎಂಬುದು ಅದರ ಮಾತು. ಮೈಸೂರಿನ ಹುಡುಗನಿಗೆ ಅರ್ಥವಾಗುವ ಭಾಷೆ ಯಾವುದು? ಕನ್ನಡ! ಗಲ್ಫಿಗೆ ಹೋಗುವ ಪ್ರತಿ ಇಂಗ್ಲಿಷಿನಲ್ಲಿರಲಿ, ಬೇಡವೆನ್ನುವುದಿಲ್ಲ. ನಮ್ಮ ಕೈಗೆ ಬರುವ ಪ್ರತಿ ಕನ್ನಡದಲ್ಲಿರಲಿ.

ನಮ್ಮ ಬೇಡಿಕೆ ಮೂರು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಯಾವ ಪರೀಕ್ಷೆ, ಏಕೆ, ಏನು ಕಂಡಿತು ಎಂಬುದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು. ಕಾಯಿಲೆ ಕಂಡರೆ ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕೆಂದು ಬರೆದುಕೊಡಬೇಕು.

ನೀವೂ ಎಚ್ಚರವಾಗಿರಿ. ಪರೀಕ್ಷೆಯಲ್ಲಿ ಪಾಸಾಗುವ ಮುನ್ನ ಏಜೆಂಟನ ಕೈಗೆ ಸಾಲದ ಹಣ ಇಡಬೇಡಿ. ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ. ಅಲ್ಲಿ ಎಚ್‌ಐವಿ ಪರೀಕ್ಷೆ, ಸಮಾಲೋಚನೆ ಉಚಿತ. ಕ್ಷಯಕ್ಕೂ ಔಷಧಿ ಉಚಿತ. ಸಾಮಾನ್ಯವಾಗಿ ಆರು ತಿಂಗಳ ಮಾತ್ರೆಯಲ್ಲಿ ವಾಸಿ. ಕೆಆರ್‌ಎಸ್ ರಸ್ತೆಯ ನಮ್ಮ ಪಿಕೆಟಿಬಿ ಆಸ್ಪತ್ರೆ ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಅರಮನೆಯನ್ನೂ ಬಿಡದ ಕಾಯಿಲೆಗೆ ಬಡವನ ಮಗ ನಾಚಬೇಕೇ?

'ಕನ್ನಡದಲ್ಲಿ ಅಚ್ಚು ಹಾಕಿಸಲು ಖರ್ಚಾಗುತ್ತದೆ' ಎನ್ನುತ್ತಾರೆಯೇ? ನಾನು ಅಚ್ಚಿನವನು, ಲೆಕ್ಕ ಗೊತ್ತು. ಒಂದು ಹಾಳೆಗೆ ಒಂದು ಚಹಾದ ಕಾಸೂ ಆಗದು. ಬೇಕಿದ್ದರೆ ಮೊದಲ ಸಾವಿರ ಹಾಳೆ ನನ್ನ ಪ್ರೆಸ್ಸಿನಿಂದ ಪುಕ್ಕಟೆ! ಅವನ್ನು ಆ ಮೇಜುಗಳ ಮೇಲೆ ಇಡಿಸುವ ಕೆಲಸ ನಿಮ್ಮದು.