ಮೊದಲ ಅಳುವಿಗೆ ಹಾಕುವ ಅಂಕ

ಮೂವತ್ತಕ್ಕೂ ಹೆಚ್ಚು ವರ್ಷ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದವನು ನಾನು. ಅಂಕಗಳ ಮೇಲೆ ನನಗಿರುವ ಅಪನಂಬಿಕೆ ಅನುಭವದಿಂದಲೇ ಬಂದದ್ದು. (ನನ್ನ ಕೈಯಲ್ಲಿ ಗಣಿತದಲ್ಲಿ ಎರಡು ಸಲ ನಪಾಸಾದವನೊಬ್ಬ ಇಂದು ಇಂಜಿನಿಯರು, ಇದನ್ನು ಓದುತ್ತಲೂ ಇರಬಹುದು.)

ಕಳೆದ ತಿಂಗಳು ನನ್ನ ತಂಗಿಗೆ ಮೊಮ್ಮಗ ಹುಟ್ಟಿದ. ಹೆರಿಗೆ ತಡವಾಗಿ ಆಮ್ಲಜನಕದ ಕೊರತೆಯಾಗಿತ್ತು; ಮಗು ಅಳಲಿಲ್ಲ. ಹೊರಗೆ ಬಂದ ವೈದ್ಯರೊಬ್ಬರು, "ಅಪ್ಗಾರ್ ಮೂರೇ ಬಂದಿದೆ, ಮಗು ಬುದ್ಧಿಮಾಂದ್ಯವಾಗುವುದು ಖಚಿತ" ಎಂದು ನಿಂತಲ್ಲಿಯೇ ತೀರ್ಪಿತ್ತು ನಡೆದರು. ಒಳಗಿದ್ದ ಬಾಣಂತಿಗೆ ಆ ಮಾತು ಮುಟ್ಟಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಆ ತೀರ್ಪಿಗೆ ಆಧಾರವಾದರೂ ಏನು? ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್ 1953ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಹೃದಯಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ, ಮೈಬಣ್ಣ ಎಂಬ ಐದಕ್ಕೆ ತಲಾ ಎರಡರಂತೆ ಹತ್ತು ಅಂಕ. ಆ ಕ್ಷಣದಲ್ಲಿ ಶಿಶು ಹೇಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಅವಧಿಗೆ ಮುನ್ನ ಹುಟ್ಟಿದ ಶಿಶುವಿಗೂ, ತಾಯಿಗೆ ಕೊಟ್ಟ ಔಷಧದಿಂದ ಮಂಕಾದ ಶಿಶುವಿಗೂ ಕಡಿಮೆ ಅಂಕ ಬರಬಹುದು. ಒಂದು ಮಗುವಿನ ನರಮಂಡಲದ ಭವಿಷ್ಯ ನುಡಿಯಲು ಇದನ್ನು ಬಳಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿದೆ. ಹೀಗಿದ್ದೂ ನಮ್ಮವರಿಗೆ ಮೂರೆಂಬ ಅಂಕೆ ಸಾಕಾಯಿತು!

ಹೇಳಲು ಸಾಧ್ಯವೇ ಇಲ್ಲವೆಂದು ನನ್ನ ವಾದವಲ್ಲ. ಸಾಧ್ಯ, ಆದರೆ ಕಾಯಬೇಕು. ಸಾರ್ನಾಟ್ ದಂಪತಿಗಳು 1976ರಲ್ಲಿ ಇಂಥ ಶಿಶುಗಳ ಎಚ್ಚರ, ಸ್ನಾಯುಬಿಗಿ, ಸೆಳವುಗಳನ್ನು ದಿನದಿಂದ ದಿನಕ್ಕೆ ಗಮನಿಸಿ ಮೂರು ಹಂತಗಳನ್ನು ಗುರುತಿಸಿದರು. ಮೂರನೆಯ ಹಂತ ಮುಟ್ಟದೆ, ಎರಡನೆಯದರ ಲಕ್ಷಣಗಳು ಐದು ದಿನದೊಳಗೆ ಇಳಿದ ಶಿಶುಗಳು ಮುಂದೆ ಸಹಜವಾಗಿಯೇ ಕಂಡರು. ಇಂದು ಇಇಜಿ ಇದೆ. ಮಿದುಳಿನ ಆಳದ ಭಾಗಗಳಿಗೆ ಪೆಟ್ಟಾಗಿದೆಯೇ ಎಂದು ಮೊದಲ ವಾರದಲ್ಲಿ ತೋರಿಸುವ ಎಂಆರ್‌ಐ ಇದೆ. ಆಮೇಲೂ ಎರಡು ವರ್ಷ ಮಗುವನ್ನು ನೋಡುತ್ತಲೇ ಇರಬೇಕು.

"ಏನೂ ಆಗಿಲ್ಲ, ನಮ್ಮ ಮನೆಯಲ್ಲಿ ಎಲ್ಲರೂ ತಡವಾಗಿಯೇ ನಡೆದವರು" ಎನ್ನುವ ಹಿರಿಯರ ಮೇಲೂ ನನಗೆ ಇಷ್ಟೇ ಸಿಟ್ಟು. ತೀವ್ರ ಹಂತದ ಮಕ್ಕಳಲ್ಲಿ ಸಾವೋ ಅಂಗವೈಕಲ್ಯವೋ ಸಾಮಾನ್ಯ. ಹುಸಿ ಸಮಾಧಾನವಾದರೂ ಸರಿ, ಹುಸಿ ತೀರ್ಪಾದರೂ ಸರಿ, ಫಿಸಿಯೋಥೆರಪಿ ಆರಂಭಿಸಬೇಕಾದ ತಿಂಗಳುಗಳು ವ್ಯರ್ಥವಾಗುತ್ತವೆ.

ನಮ್ಮ ಹುಡುಗನ ಎಂಆರ್‌ಐ ಆರನೆಯ ದಿನ ಆಯಿತು. ಪೆಟ್ಟು ಇದೆ, ಹೆಚ್ಚಿಲ್ಲ ಎಂದರು. ಮೂರನೆಯ ತಿಂಗಳಿಗೆ ಮತ್ತೆ ಕರೆದಿದ್ದಾರೆ. ಅಷ್ಟರೊಳಗೆ ನಾಮಕರಣ, ಬರುವ ಬಂಧುಗಳು ತೊಟ್ಟಿಲ ಬಳಿ ನಿಂತು ಭವಿಷ್ಯ ನುಡಿಯಬಾರದೆಂದು ಈಗಲೇ ಬೇಡಿಕೊಳ್ಳುತ್ತೇನೆ.